ಬಿಳಿಗಾರದ ಊರಿನ ನರ್ತಕಿ

ಬಾಲ್ಯದಲ್ಲಿ ನನಗೆ ನಮ್ಮೂರಿನ ಅಕ್ಕಸಾಲಿಗರ ಜಗಲಿಯಲ್ಲಿ ಕುಳಿತು ಕಾಲ ಕಳೆಯುವ ಚಟವಿತ್ತು. ಅಗ್ಗಿಷ್ಟಿಕೆಯ ಕೆಂಡ, ಊದುಕೊಳವೆಯ ಸದ್ದು, ಇಕ್ಕಳದ ತುದಿಯಲ್ಲಿ ಕೆಂಪೇರುವ ಚಿನ್ನದ ತುಣುಕು, ಇವನ್ನು ಗಂಟೆಗಟ್ಟಲೆ ನೋಡುತ್ತಿದ್ದೆ. ಬೆಸುಗೆ ಹಾಕುವ ಮುನ್ನ ಅವರು ಒಂದು ಬಿಳಿಯ ಹರಳನ್ನು ನೀರಿನಲ್ಲಿ ತೇಯ್ದು, ಗಂಧದಂತಾದ ಅದನ್ನು ಎರಡು ತುಣುಕುಗಳು ಕೂಡುವಲ್ಲಿ ಸವರುತ್ತಿದ್ದರು. ಬೆಂಕಿ ತಾಗಿದೊಡನೆ ಅದು ಉಬ್ಬಿ, ಅನಂತರ ಕುಗ್ಗಿ, ಗಾಜಿನಂತೆ ಕರಗಿ ಹರಡಿಕೊಳ್ಳುತ್ತಿತ್ತು. ಅದೇ ಬಿಳಿಗಾರ. ಸಂಸ್ಕೃತದಲ್ಲಿ ಟಂಕಣ. ಅದೆಲ್ಲಿಂದ ಬರುತ್ತದೆಂದು ಒಮ್ಮೆ ಕೇಳಿದ್ದಕ್ಕೆ ಅವರು ತಲೆಯೆತ್ತದೆಯೇ, "ಅಂಗಡಿಯಿಂದ ಬರುತ್ತದಪ್ಪ" ಎಂದಿದ್ದರು.

ಈ ಉತ್ತರದ ಮುಂದಿನ ಭಾಗ ನನಗೆ ದೊರೆತದ್ದು ಸುಮಾರು ಅರವತ್ತು ವರ್ಷಗಳ ಮೇಲೆ, ಅಮೆರಿಕದ ಒಂದು ಮರುಭೂಮಿಯಲ್ಲಿ. 2019ರ ಜನವರಿಯಲ್ಲಿ ನಾನು ಮಗಳ ಮನೆಯಲ್ಲಿದ್ದೆ. ಲಾಸ್ ಏಂಜಲೀಸ್ ಸಮೀಪದಲ್ಲೇ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ನೆಲೆಸಿದ್ದಾನೆ. ಅವನ ಹೆಸರನ್ನು ಇಲ್ಲಿ ಬರೆಯಬಾರದೆಂದು ಅವನದೇ ಅಪ್ಪಣೆಯಾಗಿದೆ. 2002-03ರ ತಂಡದವರು ಊಹಿಸಿಕೊಳ್ಳಬಹುದು. ಅವನು ಬಂದು, "ಸಾರ್, ನಮ್ಮೂರಿನಂಥದೇ ಒಂದು ಊರಿದೆ, ತೋರಿಸುತ್ತೇನೆ, ಬನ್ನಿ" ಎಂದ. ನಮ್ಮೂರೆಂದರೆ ಕೋಲಾರದ ಚಿನ್ನದ ಗಣಿ. ಅವನು ಅಲ್ಲಿ ಹುಟ್ಟಿದವನು, ಗಣಿ ಕಾರ್ಮಿಕರ ಮಗ. ನಾನು ಅಲ್ಲಿ ಕನ್ನಡ ಮತ್ತು ಚರಿತ್ರೆ ಬೋಧಿಸಲು ಹೋಗಿ ಜೀವಮಾನದ ಬಹುಭಾಗವನ್ನು ಕಳೆದವನು. ಹೀಗೆ ನಾವಿಬ್ಬರೂ ಮುಂಜಾನೆ ಹೊರಟೆವು.

ಊರಿನ ಹೆಸರು ಡೆತ್ ವ್ಯಾಲಿ ಜಂಕ್ಷನ್. ಸಾವಿನ ಕಣಿವೆಯೆಂಬ ಹೆಸರಿನ ಆ ಪ್ರಸಿದ್ಧ ತಗ್ಗಿನ ಪೂರ್ವದ ಬೆಟ್ಟಗಳ ಆಚೆ, ನೆವಾಡ ರಾಜ್ಯದ ಗಡಿಗೆ ಹತ್ತಿರದಲ್ಲಿ ಇದೆ. ಕಣಿವೆಯ ಅತ್ಯಂತ ಕೆಳಗಿನ ಜಾಗ ಸಮುದ್ರ ಮಟ್ಟಕ್ಕಿಂತ 282 ಅಡಿ ತಗ್ಗಿನಲ್ಲಿದೆ. 1913ರ ಜುಲೈ 10ರಂದು ಅಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಯನ್ನು ಜಗತ್ತಿನ ಗರಿಷ್ಠವೆಂದು ಭೂಗೋಳದ ಪುಸ್ತಕಗಳು ಹೇಳುತ್ತವೆ. ಊರಿನ ಹಳೆಯ ಹೆಸರು ಅಮಾರ್ಗೋಸಾ. ಸ್ಪ್ಯಾನಿಷ್ ಭಾಷೆಯಲ್ಲಿ ಕಹಿ ಎಂದರ್ಥ. ಅದೇ ಹೆಸರಿನ ನದಿಯೊಂದು ಅಲ್ಲಿದೆ, ಆದರೆ ಬಹುಪಾಲು ನೆಲದಡಿಯಲ್ಲೇ ಹರಿಯುತ್ತದೆ. ನಾವು ಕಂಡದ್ದು ಎರಡು ರಸ್ತೆಗಳು ಕೂಡುವ ಬಯಲು, ಬಿಸಿಲಿಗೆ ಬಣ್ಣ ಕಳೆದುಕೊಂಡ ಸುಣ್ಣದ ಗೋಡೆಗಳ ಒಂದು ಉದ್ದನೆಯ ಕಟ್ಟಡ, ಅದರ ಮುಂದೆ ಕಮಾನುಗಳ ಸಾಲು. ಜನರೆಂದರೆ ಬೆರಳಲ್ಲಿ ಎಣಿಸುವಷ್ಟು. ಆದರೆ ಕಟ್ಟಡದ ಒಂದು ತುದಿಯಲ್ಲಿ ದೊಡ್ಡ ಅಕ್ಷರಗಳಲ್ಲಿ 'ಅಮಾರ್ಗೋಸಾ ಆಪೆರಾ ಹೌಸ್' ಎಂದು ಬರೆದಿತ್ತು.

ಈ ಊರನ್ನು ಕಟ್ಟಿದ್ದು ಬಿಳಿಗಾರ. ಒಂದು ಕಾಲದಲ್ಲಿ ಜಗತ್ತಿಗೆ ಬೇಕಾದ ಬಿಳಿಗಾರವೆಲ್ಲ ಟಿಬೆಟ್ಟಿನ ಉಪ್ಪುಕೆರೆಗಳಿಂದ ಕುರಿಗಳ ಬೆನ್ನ ಮೇಲೆ ಹಿಮಾಲಯ ದಾಟಿ ಭಾರತಕ್ಕೆ ಬಂದು, ಇಲ್ಲಿಂದ ಯೂರೋಪಿಗೆ ಹೋಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಪಶ್ಚಿಮದಲ್ಲಿ ನಿಕ್ಷೇಪಗಳು ದೊರೆತ ಮೇಲೆ ಆ ದಾರಿ ಮುಚ್ಚಿಹೋಯಿತು. 1883ರಿಂದ ಕೆಲವು ವರ್ಷ ಸಾವಿನ ಕಣಿವೆಯಿಂದ 165 ಮೈಲಿ ದೂರದ ಮೊಹಾವಿ ರೈಲು ನಿಲ್ದಾಣಕ್ಕೆ ಬೃಹದಾಕಾರದ ಗಾಡಿಗಳಲ್ಲಿ ಬಿಳಿಗಾರ ಹೋಗುತ್ತಿತ್ತು. ಅವಕ್ಕೆ ಹದಿನೆಂಟು ಹೇಸರಗತ್ತೆ ಮತ್ತು ಎರಡು ಕುದುರೆಗಳನ್ನು ಹೂಡುತ್ತಿದ್ದರು. ಅನಂತರ ರೈಲು ಬಂತು. ಪೆಸಿಫಿಕ್ ಕೋಸ್ಟ್ ಬೋರಾಕ್ಸ್ ಕಂಪೆನಿ ಸಮೀಪದ ಬೆಟ್ಟದ ರಯನ್ ಎಂಬ ಗಣಿಯಿಂದ ಅದಿರನ್ನು ಇಳಿಸಲು 1914ರಲ್ಲಿ ನ್ಯಾರೋಗೇಜ್ ಹಳಿ ಹಾಕಿಸಿತು. ಆ ಹಳಿ ದೊಡ್ಡ ರೈಲುಮಾರ್ಗವನ್ನು ಕೂಡುವ ಸ್ಥಳವೇ ಜಂಕ್ಷನ್. ಅಲ್ಲಿ 1923ರಿಂದಾಚೆಗೆ ಕಂಪೆನಿಯು ಮೆಕ್ಕುಲಾಕ್ ಎಂಬ ವಾಸ್ತುಶಿಲ್ಪಿಯಿಂದ ಸ್ಪ್ಯಾನಿಷ್ ಮಾದರಿಯಲ್ಲಿ ಮೂರು ಕಡೆ ಸುತ್ತುವರಿದ ಕಟ್ಟಡವನ್ನು ಕಟ್ಟಿಸಿತು. ಕಛೇರಿ, ಅಂಗಡಿ, ಕೆಲಸಗಾರರ ವಸತಿ, 23 ಕೋಣೆಗಳ ಹೋಟೆಲು, ಎಲ್ಲವೂ ಒಂದೇ ಸೂರಿನಡಿ. ಈಶಾನ್ಯದ ತುದಿಯಲ್ಲಿ ಒಂದು ಸಭಾಂಗಣ. ಅದಕ್ಕೆ ಕಾರ್ಕ್‌ಹಿಲ್ ಹಾಲ್ ಎಂದು ಹೆಸರು.

ಈ ಸಭಾಂಗಣದ ವಿಚಾರದಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಅಲ್ಲಿ ಸಿನಿಮಾ ತೋರಿಸುತ್ತಿದ್ದರು. ಶನಿವಾರದ ಕುಣಿತ ಅಲ್ಲಿಯೇ, ಭಾನುವಾರದ ಪ್ರಾರ್ಥನೆಯೂ ಅಲ್ಲಿಯೇ. ಊರಿನ ಸಭೆ ಅಲ್ಲಿ ಸೇರುತ್ತಿತ್ತು, ಯಾರಾದರೂ ತೀರಿಕೊಂಡರೆ ಅಂತ್ಯಕ್ರಿಯೆಯ ವಿಧಿಗೂ ಜನ ಅಲ್ಲಿಯೇ ಕೂಡುತ್ತಿದ್ದರು. ಕೋಲಾರದ ಗಣಿಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂಪೆನಿ ಊರು ಎಂಬುದು ಒಂದು ವಿಶೇಷ ತಳಿ. ಕೆಲಸ ಕೊಡುವವನೇ ದೀಪವನ್ನೂ ನೀರನ್ನೂ ಮನರಂಜನೆಯನ್ನೂ ಕೊಡುತ್ತಾನೆ. ಅವನು ಹೊರಟನೆಂದರೆ ನಾಲ್ಕೂ ಒಟ್ಟಿಗೇ ಹೋಗುತ್ತವೆ. ಜಂಕ್ಷನ್ನಿನಲ್ಲಿ ಹಾಗೆಯೇ ಆಯಿತು. ಮೊಹಾವಿ ಮರುಭೂಮಿಯ ಇನ್ನೊಂದು ಭಾಗದಲ್ಲಿ, ರೈಲಿಗೆ ಹತ್ತಿರದಲ್ಲೇ, ಹೆಚ್ಚು ಸಮೃದ್ಧವಾದ ನಿಕ್ಷೇಪ ಸಿಕ್ಕಿತೆಂದು 1927ರಲ್ಲಿ ಕಂಪೆನಿ ರಯನ್ ಗಣಿಯನ್ನು ನಿಲ್ಲಿಸಿತು. ಸಣ್ಣ ಹಳಿಯ ರೈಲು 1931ಕ್ಕೆ ನಿಂತಿತು, ದೊಡ್ಡದು 1940ಕ್ಕೆ. ಯುದ್ಧಕಾಲದಲ್ಲಿ ಕಬ್ಬಿಣಕ್ಕಾಗಿ ಹಳಿಗಳನ್ನೂ ಕಿತ್ತರು. ಸಭಾಂಗಣ ಪಾಳುಬಿತ್ತು.

ಇನ್ನು ನರ್ತಕಿಯ ಕಥೆ.

ಮಾರ್ತಾ ಬೆಕೆಟ್ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, 1924ರ ಆಗಸ್ಟ್ 9ರಂದು. ತಂದೆ ಪತ್ರಕರ್ತ. ಚಿತ್ರ ಬರೆಯುವುದು, ಪಿಯಾನೋ ನುಡಿಸುವುದು, ಕುಣಿಯುವುದು, ಮೂರೂ ಅವರಿಗೆ ಒಲಿದಿದ್ದವು. ರೇಡಿಯೋ ಸಿಟಿ ಮ್ಯೂಸಿಕ್ ಹಾಲ್ ಎಂಬ ವಿಶಾಲ ರಂಗಮಂದಿರದ ಬ್ಯಾಲೆ ತಂಡದಲ್ಲಿ ಅವರು ನರ್ತಿಸಿದರು. ಬ್ರಾಡ್‌ವೇಯ ಸಂಗೀತ ನಾಟಕಗಳಲ್ಲಿಯೂ ಪಾತ್ರ ದೊರೆಯಿತು: 1946ರಲ್ಲಿ ಮರಳಿ ರಂಗಕ್ಕೆ ಬಂದ 'ಷೋ ಬೋಟ್', 1951ರ 'ಎ ಟ್ರೀ ಗ್ರೋಸ್ ಇನ್ ಬ್ರೂಕ್ಲಿನ್', 1953ರ 'ವಂಡರ್‌ಫುಲ್ ಟೌನ್'. ಇವೆಲ್ಲ ಹಿರಿಯ ಹೆಸರುಗಳೇ. ಆದರೆ ಅವುಗಳಲ್ಲಿ ಅವರಿದ್ದದ್ದು ಸಾಲಿನ ನಡುವೆ. ಬ್ಯಾಲೆಯ ಸಮೂಹ ನೃತ್ಯವನ್ನು ಕಂಡವರಿಗೆ ಗೊತ್ತು. ಅಲ್ಲಿ ಒಬ್ಬಳ ಕೈ ಪಕ್ಕದವಳ ಕೈಗಿಂತ ಒಂದಂಗುಲ ಮೇಲೇರಿದರೂ ತಪ್ಪೇ. ಇತರರಿಂದ ಬೇರೆಯಾಗಿ ಕಾಣದಿರುವುದೇ ಅಲ್ಲಿನ ಕೌಶಲ. ಬೇಸರದಿಂದಲೋ ಹಂಬಲದಿಂದಲೋ ಅವರು ಏಕವ್ಯಕ್ತಿ ಪ್ರದರ್ಶನವನ್ನು ರೂಪಿಸಿಕೊಂಡರು. ನೃತ್ಯ, ಮೂಕಾಭಿನಯ, ವೇಷಭೂಷಣ, ರಂಗಸಜ್ಜಿಕೆ ಎಲ್ಲವೂ ಅವರದೇ. ಪತಿ ಟಾಮ್ ವಿಲಿಯಮ್ಸ್ ವ್ಯವಸ್ಥಾಪಕ. ಇಬ್ಬರೂ ಊರಿಂದೂರಿಗೆ ಸಂಚರಿಸುತ್ತಿದ್ದರು.

1967ರ ವಸಂತದಲ್ಲಿ ಹೀಗೆ ಪ್ರವಾಸದಲ್ಲಿದ್ದಾಗ, ಒಂದು ವಾರ ಬಿಡುವು ಮಾಡಿಕೊಂಡು ಸಾವಿನ ಕಣಿವೆಯಲ್ಲಿ ಬಿಡಾರ ಹೂಡಿದ್ದರು. ಚಕ್ರ ಪಂಕ್ಚರ್ ಆಯಿತು. ರಿಪೇರಿಗೆಂದು ಜಂಕ್ಷನ್ನಿಗೆ ಬಂದರು. ಪತಿ ಚಕ್ರದ ಕೆಲಸದಲ್ಲಿ ತೊಡಗಿದ್ದಾಗ ಮಾರ್ತಾ ಕಟ್ಟಡವನ್ನು ಸುತ್ತು ಹಾಕುತ್ತ ಹಿಂಬಾಗಿಲಿನ ಒಂದು ತೂತಿನಲ್ಲಿ ಕಣ್ಣಿಟ್ಟು ನೋಡಿದರು. ಒಳಗೆ ಪುಟ್ಟ ರಂಗಸ್ಥಳ, ಬಣ್ಣಗೆಟ್ಟ ಪರದೆ, ಕೆಟ್ಟುಹೋದ ನೆಲ. ತನ್ನದೇ ಇನ್ನರ್ಧವನ್ನು ಕಂಡಂತಾಯಿತೆಂದು ಮುಂದೆ ಅವರು ಅನೇಕರ ಬಳಿ ಹೇಳಿಕೊಂಡಿದ್ದಾರೆ. ಮರುದಿನವೇ ಊರಿನ ವ್ಯವಸ್ಥಾಪಕನನ್ನು ಕಂಡು, ದುರಸ್ತಿ ತಾವೇ ಮಾಡಿಕೊಳ್ಳುವ ಒಪ್ಪಂದದ ಮೇಲೆ ತಿಂಗಳಿಗೆ 45 ಡಾಲರ್ ಬಾಡಿಗೆಗೆ ಅದನ್ನು ಹಿಡಿದರು.

ಆಗ ಅವರಿಗೆ ನಲವತ್ತೆರಡು ತುಂಬಿತ್ತು. ಪಾಯಿಂಟ್ ಶೂ ಕಟ್ಟಿ ಕಾಲ್ಬೆರಳ ತುದಿಯಲ್ಲಿ ನಿಲ್ಲುವ ಬ್ಯಾಲೆ ನರ್ತಕಿಯರು ಸಾಮಾನ್ಯವಾಗಿ ರಂಗವನ್ನು ಬಿಡುವ ವಯಸ್ಸು ಅದು. ಅವರು ಆ ವಯಸ್ಸಿನಲ್ಲಿ ಒಂದು ರಂಗವನ್ನು ಹಿಡಿದರು.

ಸೂರು ಸೋರುತ್ತಿತ್ತು. ದುರಸ್ತಿಗೆ ತಿಂಗಳುಗಳೇ ಹಿಡಿದವು. ರಂಗದ ದೀಪಗಳನ್ನು ಖಾಲಿ ಕಾಫಿ ಡಬ್ಬಗಳಿಂದ ಮಾಡಿಕೊಂಡರು. (ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬೋರ್ನ್‌ವಿಟಾ ಡಬ್ಬಗಳಲ್ಲಿ ದೀಪ ಮಾಡಿದ ನಮ್ಮ ಡ್ರಾಯಿಂಗ್ ಮಾಸ್ತರರನ್ನು ನೀವು ಮರೆತಿಲ್ಲವಷ್ಟೆ?) ಹಿಂದಿನ ಕಾರ್ಕ್‌ಹಿಲ್ ಹೆಸರನ್ನು ತೆಗೆದು ಊರಿನ ಮೂಲ ಹೆಸರನ್ನು ಇಟ್ಟರು. 'ಆಪೆರಾ ಹೌಸ್' ಎಂಬುದು ಮಾತ್ರ ಹೆಗ್ಗಳಿಕೆಗೆ. ಆಪೆರಾ ಮೇಳಕ್ಕೂ ಈ ಮನೆಗೂ ಸಂಬಂಧವಿಲ್ಲ. 1968ರ ಫೆಬ್ರವರಿ 10ರಂದು ಮೊದಲ ಪ್ರದರ್ಶನ. ಬಂದವರು ಹನ್ನೆರಡು ಮಂದಿ, ಸುತ್ತಮುತ್ತಲಿನವರೇ. ಅವರು ಕುಳಿತದ್ದು ತೋಟದಲ್ಲಿ ಹಾಕುವಂಥ ಕುರ್ಚಿಗಳ ಮೇಲೆ.

ಅಲ್ಲಿಂದ ಮುಂದೆ ವಾರಕ್ಕೆ ಮೂರು ದಿನ, ಶುಕ್ರವಾರ, ಶನಿವಾರ ಮತ್ತು ಸೋಮವಾರ, ರಾತ್ರಿ ಎಂಟೂಕಾಲಿಗೆ ಸರಿಯಾಗಿ ಪರದೆ ಏಳುತ್ತಿತ್ತು. ಜನ ಬಂದಿದ್ದರೂ ಸರಿ, ಬಾರದಿದ್ದರೂ ಸರಿ. ಯಾರೂ ಇಲ್ಲದ ರಾತ್ರಿಗಳಲ್ಲಿಯೂ ಬಣ್ಣ ಹಚ್ಚಿ, ವೇಷ ತೊಟ್ಟು, ಧ್ವನಿಮುದ್ರಿತ ಸಂಗೀತವನ್ನು ಹಾಕಿಸಿ, ಕಾರ್ಯಕ್ರಮವನ್ನು ಆರಂಭದಿಂದ ಕೊನೆಯವರೆಗೆ ನಡೆಸಿದರು.

ಅದೇ ವರ್ಷ ಅವರು ಗೋಡೆಗಳಿಗೆ ಕೈಹಚ್ಚಿದರು. ಪ್ರೇಕ್ಷಕರು ಬಾರದಿದ್ದರೆ ಬರೆದುಕೊಂಡರಾಯಿತು ಎಂಬುದು ಅವರ ತರ್ಕ. ಗೋಡೆಗಳಿಗೆ ನಾಲ್ಕು ವರ್ಷ ಹಿಡಿಯಿತು, ಮೇಲ್ಛಾವಣಿಗೆ ಮತ್ತೆರಡು; ಕೆಲಸ ಮುಗಿದಾಗ 1974. ನಾವು ಒಳಗೆ ಹೋದಾಗ ನನಗೆ ಮೊದಲು ಕಂಡದ್ದು ಬಣ್ಣವಲ್ಲ, ನೋಟಗಳು. ರಂಗದ ಮೇಲೆ ನಿಂತರೆ ಎದುರಿನ ಗೋಡೆಯ ಮಧ್ಯದ ಆವರಣದಲ್ಲಿ ಹದಿನಾರನೆಯ ಶತಮಾನದ ಸ್ಪೇನಿನ ರಾಜ ಮತ್ತು ರಾಣಿ ಕುಳಿತಿದ್ದಾರೆ. ಅವರ ಎರಡೂ ಬದಿಗೆ ಸರದಾರರು, ಕುಲೀನ ಸ್ತ್ರೀಯರು, ಗೂಳಿಕಾಳಗದವರು, ಸನ್ಯಾಸಿಗಳು, ಸನ್ಯಾಸಿನಿಯರು, ಜಿಪ್ಸಿಗಳು. ಎಲ್ಲರೂ ರಂಗದತ್ತ ಮುಖಮಾಡಿ ಕುಳಿತ ಶಿಸ್ತಿನ ಪ್ರೇಕ್ಷಕರೆಂದು ಭಾವಿಸಬೇಡಿ. ಕೆಲವರು ತಮ್ಮ ತಮ್ಮಲ್ಲೇ ಮಾತಿಗಿಳಿದಿದ್ದಾರೆ. ಕೆಲವರ ಲಕ್ಷ್ಯ ಇನ್ನೆಲ್ಲೋ ಇದೆ. ಇದು ನನಗೆ ಬಹಳ ಹಿಡಿಸಿತು. ತನಗಾಗಿ ಪ್ರೇಕ್ಷಕರನ್ನು ಸೃಷ್ಟಿಸಿಕೊಳ್ಳುವ ಅವಕಾಶ ದೊರೆತಾಗಲೂ ಆ ಕಲಾವಿದೆ ಅವರನ್ನೆಲ್ಲ ಬಾಯಿಬಿಟ್ಟು ನೋಡುವವರನ್ನಾಗಿ ಬರೆಯಲಿಲ್ಲ. ಮೇಲೆ ನೀಲಿಯ ಆಕಾಶ, ಮೋಡ, ರೆಕ್ಕೆಯ ಶಿಶುಗಳು, ಹಳೆಯ ಕಾಲದ ವಾದ್ಯಗಳನ್ನು ನುಡಿಸುವ ಹದಿನಾರು ಮಂದಿ ಸ್ತ್ರೀಯರು. ಚಿತ್ರಕಲೆಯ ದೃಷ್ಟಿಯಿಂದ ಮಹಾಕೃತಿಯೆಂದು ನಾನು ಹೇಳಲಾರೆ. ಕೈ ಕೈಯಂತಿಲ್ಲದ, ಕುತ್ತಿಗೆ ಸ್ವಲ್ಪ ಉದ್ದವಾದ ಆಕೃತಿಗಳೂ ಇವೆ. ಆದರೆ ಆರು ವರ್ಷದ ದುಡಿಮೆ ಗೋಡೆಯ ಪ್ರತಿ ಅಂಗುಲದಲ್ಲೂ ಇದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಚರಿತ್ರೆಯ ಮೇಷ್ಟರ ಹಳೆಯ ಚಾಳಿ, ಸಹಿಸಿಕೊಳ್ಳಿ. ಮಾರ್ತಾ ಬೆಕೆಟ್ ಕುರಿತು ಪ್ರಚಾರದಲ್ಲಿರುವ ಕಥೆ ಒಂದೇ ವಾಕ್ಯದ್ದು: ಯಾರೂ ಇಲ್ಲದ ಮರುಭೂಮಿಯಲ್ಲಿ ಯಾರಿಗೂ ಅಲ್ಲದೆ ಕುಣಿದವಳು. ಕಥೆ ಸುಂದರವಾಗಿದೆ, ಅರ್ಧ ನಿಜವೂ ಹೌದು. ಆದರೆ 1970ರ ಹೊತ್ತಿಗೆ ನ್ಯಾಷನಲ್ ಜಿಯೋಗ್ರಫಿಕ್ ಪತ್ರಿಕೆಯವರು ಆ ದಾರಿಯಲ್ಲಿ ಬಂದು, ಖಾಲಿ ಕುರ್ಚಿಗಳ ಎದುರು ನಡೆಯುತ್ತಿದ್ದ ಪ್ರದರ್ಶನವನ್ನು ಕಂಡು ಬರೆದರು. ಲೈಫ್ ಪತ್ರಿಕೆಯಲ್ಲಿಯೂ ಲೇಖನ ಬಂತು. ಅಲ್ಲಿಂದ ಜನ ಬರತೊಡಗಿದರು. ಕಾದಂಬರಿಕಾರ ರೇ ಬ್ರಾಡ್‌ಬರಿ ಬಂದರು, ಹಾಸ್ಯನಟ ರೆಡ್ ಸ್ಕೆಲ್ಟನ್ ಬಂದರು. ಮುಂದೆ ಸ್ಥಳ ಕಾದಿರಿಸಿಯೇ ಹೋಗಬೇಕಾದ ಸ್ಥಿತಿ ಬಂತು. 1983ರಲ್ಲಿ ನೆವಾಡದ ಬೌಲ್ಡರ್ ಸಿಟಿಯ ಚಿತ್ರಮಂದಿರದಿಂದ 120 ಹಳೆಯ ಆಸನಗಳನ್ನು ತಂದು, ತೋಟದ ಕುರ್ಚಿಗಳಿಗೆ ವಿದಾಯ ಹೇಳಿದರು. ಆದ್ದರಿಂದ ಯಾರೂ ನೋಡದ ಕಲೆ ಎಂಬುದು ಅವರ ವೃತ್ತಿಯ ಮೊದಲ ಕೆಲವು ವರ್ಷಗಳ ಮಾತು. ಉಳಿದ ನಲವತ್ತು ವರ್ಷಗಳ ಸಾಧನೆ ಬೇರೆ ಬಗೆಯದು, ಅದು ಕಥೆಗೆ ಅಷ್ಟಾಗಿ ಒಗ್ಗುವುದಿಲ್ಲ: ಲೆಕ್ಕ ಬರೆಯುವುದು, ಸೂರು ಸೋರದಂತೆ ನೋಡಿಕೊಳ್ಳುವುದು, ಊರನ್ನು ಉಳಿಸುವುದು. 1970ರ ದಶಕದಲ್ಲಿ ಲಾಭಾಪೇಕ್ಷೆಯಿಲ್ಲದ ಸಂಸ್ಥೆಯೊಂದನ್ನು ಕಟ್ಟಿ, ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಎಂಬ ಸಂಸ್ಥೆಯ ನೆರವಿನಿಂದ ಆ ಇಡೀ ಊರನ್ನೇ ಕೊಂಡರು. 1981ರ ಡಿಸೆಂಬರ್‌ನಲ್ಲಿ ಊರು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಬಿಳಿಗಾರದ ಕಂಪೆನಿ ಬಿಟ್ಟುಹೋದ ಊರಿಗೆ ಹೀಗೆ ಒಬ್ಬ ನರ್ತಕಿಯ ಸಂಸ್ಥೆ ಒಡೆತನ ವಹಿಸಿತು.

ಅವರು ಮರುಭೂಮಿಗೆ ಕಲೆಯನ್ನು ಕೊಂಡೊಯ್ದರು ಎಂಬ ಮಾತೂ ಇದೆ. ಅದನ್ನು ನಾನು ಪೂರ್ತಿ ಒಪ್ಪಲಾರೆ. ಕಣಿವೆಯಲ್ಲಿ ಟಿಂಬಿಶಾ ಶೊಶೋನಿ ಎಂಬ ಮೂಲನಿವಾಸಿಗಳು ಬಿಳಿಯರು ಬರುವುದಕ್ಕೆ ಬಹು ಹಿಂದಿನಿಂದಲೂ ತಮ್ಮ ಹಾಡು ಹಸೆಗಳೊಂದಿಗೆ ಬದುಕಿದ್ದರು, ಇಂದಿಗೂ ಇದ್ದಾರೆ. ಗಣಿಯವರೂ ಕುಣಿತವನ್ನು ಬಲ್ಲವರೇ. ಆ ಸಭಾಂಗಣದ ನೆಲವನ್ನು ಮೊದಲು ಸವೆಸಿದ್ದು ಅವರ ಬೂಟುಗಳು. ಮಾರ್ತಾ ಮಾಡಿದ್ದು ಆರಿಹೋದ ಒಲೆಗೆ ಮತ್ತೆ ಬೆಂಕಿ ಹಾಕುವ ಕೆಲಸ. ಅದು ಕೊಂಡೊಯ್ಯುವುದಕ್ಕಿಂತ ಕಷ್ಟದ್ದೆಂದೇ ನನ್ನ ಅಭಿಪ್ರಾಯ.

ಆ ನೆಲದವರೊಡನೆ ಅವರು ಕಲೆಯನ್ನು ಹಂಚಿಕೊಂಡದ್ದಕ್ಕೆ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ನಿದರ್ಶನ ಟಾಮ್ ವಿಲ್ಲೆಟ್ ಎಂಬಾತನದು. 1983ರಲ್ಲಿ ಪತಿ ಟಾಮ್ ವಿಲಿಯಮ್ಸ್ ಅವರನ್ನು ಬಿಟ್ಟು ಹೊರಟುಹೋದರು. (ಇಬ್ಬರ ಹೆಸರೂ ಟಾಮ್ ಆದ್ದರಿಂದ ಗೊಂದಲವಾಗದಿರಲಿ.) ವಿಲ್ಲೆಟ್ ರಂಗದವನಲ್ಲ, ಕಟ್ಟಡದ ದುರಸ್ತಿ ನೋಡಿಕೊಳ್ಳುತ್ತಿದ್ದ ಕೆಲಸಗಾರ, ಎಲ್ಲರೂ 'ವಿಲ್ಗೆಟ್' ಎಂದು ಕರೆಯುತ್ತಿದ್ದರು. ಮಾರ್ತಾ ಆತನನ್ನು ರಂಗದ ಮೇಲೆ ನಿಲ್ಲಿಸಿದರು. ಮೊದಲು ನಿರೂಪಕ, ಆಮೇಲೆ ಹಾಸ್ಯಪಾತ್ರಗಳು. ಸ್ತ್ರೀವೇಷ ಹಾಕಿ, ಬ್ಯಾಲೆಯ ಕುಣಿಕುಣಿಯುವ ಲಂಗ ತೊಟ್ಟು ಜನರನ್ನು ನಗಿಸಿದ. ಜೀವಮಾನವಿಡೀ ಶಾಸ್ತ್ರೀಯ ಅಭ್ಯಾಸ ಮಾಡಿದ ನರ್ತಕಿಯ ಪಕ್ಕದಲ್ಲಿ ಸುತ್ತಿಗೆ ಹಿಡಿದಿದ್ದ ದಪ್ಪ ಕೈಗಳ ಮನುಷ್ಯ. ಎರಡು ದಶಕ ಇಬ್ಬರೂ ಒಟ್ಟಿಗೆ ರಂಗದ ಮೇಲಿದ್ದರು, 2005ರಲ್ಲಿ ಆತ ತೀರಿಕೊಳ್ಳುವವರೆಗೆ. ನಮ್ಮ ಕಡೆಯ ಬಯಲಾಟದ ಊರುಗಳಲ್ಲಿ ಬೆಳಿಗ್ಗೆ ಉಳುವವನು ರಾತ್ರಿ ಕಿರೀಟ ಧರಿಸುವುದನ್ನು ಕಂಡವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ಸಭಾಂಗಣದ ಹಳೆಯ ಆಸನವೊಂದರಲ್ಲಿ ನಾನು ಕುಳಿತುಕೊಂಡೆ. ಶಿಷ್ಯ ಪಕ್ಕದಲ್ಲಿ ಕುಳಿತ. ರಂಗ ಖಾಲಿಯಿತ್ತು. ನಮಗೆ ಸ್ಥಳವನ್ನು ತೋರಿಸುತ್ತಿದ್ದವರು ಎಂಟೂಕಾಲರ ವಿಷಯ ಹೇಳಿ ಮುಂದೆ ಹೋಗಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವನು, "ಸಾರ್, ಬೆಳಿಗ್ಗೆಯ ಸ್ಪೆಷಲ್ ಕ್ಲಾಸ್ ಯಾಕೆ ನಿಂತುಹೋಯಿತು?" ಎಂದು ಕೇಳಿದ.

ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ನಿಮ್ಮಲ್ಲಿ ಕೆಲವರಿಗೆ ಗೊತ್ತಿರುವ ಸಂಗತಿಯೇ. 2001ರ ಫೆಬ್ರವರಿ ಕೊನೆಯಲ್ಲಿ ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ, 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿಕೊಂಡಿದ್ದ ಊರು ಮೇಲೆದ್ದು ನೋಡಿದಾಗ ಅದರ ಮುಂದೆ ಇದ್ದದ್ದು ಸೈನೈಡ್ ದಿಬ್ಬಗಳು ಮಾತ್ರ. ತಂದೆಯರು ನಸುಕಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳತೊಡಗಿದರು. ಕೆಲವು ಕುಟುಂಬಗಳು ಊರನ್ನೇ ತೊರೆದವು. ನಮ್ಮ ಶಾಲೆಯ ಹತ್ತನೆಯ ತರಗತಿಯಲ್ಲಿ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಪರೀಕ್ಷೆಗೆ ಕೂರುವವರಿಗಾಗಿ ನಾನು ಬೆಳಿಗ್ಗೆ ಏಳು ಗಂಟೆಗೆ ವಿಶೇಷ ತರಗತಿ ನಡೆಸುತ್ತಿದ್ದೆ. ಇಪ್ಪತ್ತು ಮಂದಿಯಿಂದ ಆರಂಭವಾದದ್ದು ಏಳಕ್ಕೆ ಇಳಿಯಿತು, ಅನಂತರ ನಾಲ್ಕಕ್ಕೆ. ಒಂದು ಮಂಜಿನ ದಿನ ಯಾರೂ ಬರಲಿಲ್ಲ. ಕಾಲು ಗಂಟೆ ಕಾದೆ. ಕಪ್ಪುಹಲಗೆಯ ಮೇಲೆ ದಿನಾಂಕವನ್ನು ಬರೆದಿದ್ದೆ, ಅದನ್ನು ಒರೆಸಿದೆ. ಬಾಗಿಲಿಗೆ ಬೀಗ ಹಾಕಿಕೊಂಡು ಮನೆಗೆ ಹೋದೆ. ಖಾಲಿ ಬೆಂಚುಗಳಿಗೆ ಪಾಠ ಹೇಳುವಷ್ಟು ನಾನಿನ್ನೂ ಕೆಟ್ಟಿಲ್ಲವೆಂದು ಮನೆಯಲ್ಲಿ ಹೇಳಿದ ನೆನಪು. ಅದರ ಮರುದಿನದಿಂದ ವಿಶೇಷ ತರಗತಿಯನ್ನು ನಿಲ್ಲಿಸಿದೆ.

"ಯಾರೂ ಬರುತ್ತಿರಲಿಲ್ಲವಲ್ಲಪ್ಪ" ಎಂದೆ.

"ನಾನು ಬಂದಿದ್ದೆ ಸಾರ್. ಅಪ್ಪನನ್ನು ಮಾರಿಕುಪ್ಪಂನಲ್ಲಿ ರೈಲಿಗೆ ಹತ್ತಿಸಿ ಬರುವಾಗ ಸ್ವಲ್ಪ ತಡವಾಯಿತು. ಬೀಗ ಹಾಕಿತ್ತು" ಎಂದ.

ಅವನ ಧ್ವನಿಯಲ್ಲಿ ದೂರು ಇರಲಿಲ್ಲ. ಅವನು ಆ ವರ್ಷ ಒಳ್ಳೆಯ ಅಂಕಗಳಲ್ಲೇ ತೇರ್ಗಡೆಯಾದ, ಮುಂದೆ ಓದಿದ, ಇಲ್ಲಿಯವರೆಗೂ ಬಂದ. ನನ್ನ ಬೀಗದಿಂದ ಅವನಿಗೆ ಕೆಡುಕೇನೂ ಆಗಿಲ್ಲವೆಂದು ಲೆಕ್ಕ ತೋರಿಸಬಹುದು. ಆದರೆ ಅಂದು ಅವನಂತೆ ತಡವಾಗಿ ಬಂದವರು ಇನ್ನೂ ಇದ್ದರೇ, ಅವರು ಎಲ್ಲಿಗೆ ಹೋದರು ಎಂಬುದನ್ನು ನಾನು ಅವನಲ್ಲಿ ಕೇಳಲಿಲ್ಲ. ಗೋಡೆಯ ಮೇಲಿನ ಸನ್ಯಾಸಿನಿಯರ ಕಡೆ ನೋಡುತ್ತ ಕುಳಿತೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಆ ಬಾಗಿಲಿನವರೆಗೆ ಬಂದು ಹಿಂದಿರುಗಿದ್ದರೆ ನನಗೊಂದು ಸಾಲು ಬರೆಯಿರಿ.

ಅದಿರಲಿ. ಮಾರ್ತಾ ಬೆಕೆಟ್ ಅವರ ಕಥೆಯನ್ನು ಮುಗಿಸಬೇಕು. ಟಾಡ್ ರಾಬಿನ್‌ಸನ್ ನಿರ್ದೇಶನದ 'ಅಮಾರ್ಗೋಸಾ' ಎಂಬ ಸಾಕ್ಷ್ಯಚಿತ್ರ 2000ದಲ್ಲಿ ಬಂತು, ಅದರ ಛಾಯಾಗ್ರಹಣಕ್ಕೆ ಎಮ್ಮಿ ಪ್ರಶಸ್ತಿಯೂ ದೊರೆಯಿತು. ಎಂಬತ್ತು ದಾಟಿದ ಮೇಲೆ ಅವರು ಆತ್ಮಕಥೆಯನ್ನು ಬರೆದರು. ಕಾಲು ನಿಲ್ಲದಂತಾದಾಗ ಕುಳಿತೇ ಪ್ರದರ್ಶನ ನೀಡಿದರು; ಅದಕ್ಕೆ ಕುಳಿತ ಪ್ರದರ್ಶನವೆಂದೇ ಹೆಸರಿಟ್ಟರು. ಹಾಡಿದರು, ಕಥೆ ಹೇಳಿದರು. ಕೈಗಳು ಮಾತ್ರ ಹಿಂದಿನಂತೆಯೇ ನರ್ತಿಸುತ್ತಿದ್ದವೆಂದು ನೋಡಿದವರು ಹೇಳುತ್ತಾರೆ. ಕೊನೆಯ ಪ್ರದರ್ಶನ 2012ರ ಫೆಬ್ರವರಿಯಲ್ಲಿ. ಆಗ ವಯಸ್ಸು ಎಂಬತ್ತೇಳು, ಮೊದಲ ಪ್ರದರ್ಶನ ನಡೆದು ನಲವತ್ತನಾಲ್ಕು ವರ್ಷ. ಅದರ ಮುಂದಿನ ಐದು ವರ್ಷವೂ ಅವರು ಅದೇ ಊರಿನಲ್ಲಿದ್ದರು. 2017ರ ಜನವರಿ 30ರಂದು ಅಲ್ಲಿಯೇ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ, ಮಗುವಾಗಿದ್ದಾಗ ಅವರ ನೃತ್ಯವನ್ನು ಆ ಸಭಾಂಗಣದಲ್ಲಿ ಕಂಡು ಮುಂದೆ ತಾನೂ ಬ್ಯಾಲೆ ನರ್ತಕಿಯಾದವಳೊಬ್ಬಳು ಮರಳಿ ಬಂದು ಅದೇ ರಂಗದ ಮೇಲೆ ಅವರ ನೃತ್ಯಗಳನ್ನೇ ಆಡಿ ತೋರಿಸಿದಳು. ಅಷ್ಟು ವರ್ಷ ಸಾವಿರಾರು ಜನ ಬಂದುಹೋದ ಆ ಆಸನಗಳಲ್ಲಿ ಯಾರು ಯಾರು ಏನನ್ನು ತೆಗೆದುಕೊಂಡು ಹೋದರೋ. ಒಬ್ಬಳ ಲೆಕ್ಕ ಮಾತ್ರ ಹೀಗೆ ಸಿಕ್ಕಿದೆ.

ಹಿಂದಿರುಗುವಾಗ ದಾರಿಯ ಅಂಗಡಿಯೊಂದರಲ್ಲಿ ಶಿಷ್ಯ ನನಗೆ ಬಿಳಿಗಾರದ ಡಬ್ಬವೊಂದನ್ನು ಕೊಡಿಸಿದ. ಅಲ್ಲಿನವರು ಬಟ್ಟೆ ಒಗೆಯುವಾಗ ಸೋಪಿನ ಜೊತೆಗೆ ಬಳಸುತ್ತಾರಂತೆ. ಡಬ್ಬದ ಮೇಲೆ ಇಂದಿಗೂ ಹೇಸರಗತ್ತೆಗಳ ಉದ್ದನೆಯ ಸಾಲಿನ ಚಿತ್ರವಿದೆ. ಊರಿಗೆ ಬಂದ ಮೇಲೆ ಅದನ್ನು ನಮ್ಮ ಅಕ್ಕಸಾಲಿಗರ ಮೊಮ್ಮಗನಿಗೆ ಕೊಟ್ಟು, ಇದು ಎಲ್ಲಿಂದ ಬರುತ್ತದೆಂಬ ಕಥೆಯನ್ನು ಪೂರ್ತಿ ಹೇಳಿದೆ. ಅವನು ಸಹನೆಯಿಂದ ಕೇಳಿದ. ಮುಚ್ಚಳ ತೆಗೆದು ನೋಡಿ, "ಇದು ಪುಡಿ, ಮೇಷ್ಟ್ರೇ. ನಮಗೆ ತೇಯಲು ಹರಳೇ ಬೇಕು" ಎಂದು ಹಿಂದಕ್ಕೆ ಕೊಟ್ಟ.